ಎಡಿಎಸ್-ಬಿ ಡೇಟಾದಿಂದ ಜಿಪಿಎಸ್ ಜ್ಯಾಮಿಂಗ್, ಸ್ಪೂಫಿಂಗ್ ಪತ್ತೆ: ಎನ್‌ಐಸಿ ಬಿದ್ದರೆ ಸಾಕೇ?

ಎಂಟನೇ_ಸೆಮಿಸ್ಟರ್:

ಎಲ್ಲರಿಗೂ ನಮಸ್ಕಾರ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ನಾಲ್ಕು ಜನ ಸೇರಿ ಒಂದು ವಿಷಯ ಎತ್ತಿಕೊಂಡಿದ್ದೇವೆ. ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುವ ಎಡಿಎಸ್-ಬಿ ಸಂದೇಶಗಳನ್ನು (ತಮ್ಮ ಸ್ಥಾನ, ಎತ್ತರ, ವೇಗವನ್ನು ವಿಮಾನಗಳೇ ಹೇಳುವಂಥವು) ಹಿಡಿದು, ಎಲ್ಲಿ ಜಿಪಿಎಸ್‌ಗೆ ಅಡ್ಡಿ (ಸಿಗ್ನಲ್ ಮುಳುಗಿಸುವ ಜ್ಯಾಮಿಂಗ್ ಅಥವಾ ನಕಲಿ ಸಿಗ್ನಲ್ ಉಣಿಸುವ ಸ್ಪೂಫಿಂಗ್) ಆಗುತ್ತಿದೆ ಎಂದು ಪತ್ತೆ ಹಚ್ಚುವುದು.

ಸೆಟಪ್ ಹೀಗಿದೆ. ಬೆಂಗಳೂರಿನ ಕಾಲೇಜಿನ ನಾಲ್ಕನೇ ಮಹಡಿ ತಾರಸಿಯ ಮೇಲೆ ಎನ್ ಕನೆಕ್ಟರ್‌ಗೆ ತಾಮ್ರದ ತಂತಿ ಬೆಸೆದು ಮಾಡಿದ ಕಾಲು ತರಂಗದ ಆಂಟೆನಾ, ಅಲ್ಲಿಂದ ಲ್ಯಾಬಿಗೆ 15 ಮೀಟರ್ ಆರ್‌ಜಿ-58 ಕೇಬಲ್, ಆರ್‌820ಟಿ2 ಟ್ಯೂನರ್ ಇರುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ರಾಸ್ಪ್‌ಬೆರಿ ಪೈ 4, ಅದರಲ್ಲಿ ಸಂದೇಶ ಬಿಡಿಸುವ ಡಂಪ್1090 ಸಾಫ್ಟ್‌ವೇರ್. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಗರಿಷ್ಠಕ್ಕೆ ಇಟ್ಟಿದ್ದೇವೆ. 30003 ಪೋರ್ಟಿನಿಂದ ಬರುವ ಸಾಲುಗಳನ್ನು ಸೇವ್ ಮಾಡುತ್ತೇವೆ, ಎನ್‌ಐಸಿ ಮೌಲ್ಯವನ್ನು (ಹೇಳಿದ ಸ್ಥಾನವನ್ನು ಎಷ್ಟು ನಂಬಬಹುದು ಎಂದು ವಿಮಾನವೇ ಕೊಡುವ ಅಂಕಿ) ಮ್ಯಾಪ್ ಪುಟಕ್ಕೆ ಹೋಗುವ ಜೇಸನ್ ಫೈಲಿನಿಂದ ತೆಗೆದುಕೊಳ್ಳುತ್ತೇವೆ.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ. ಒಂದು, ರೇಂಜ್ 120 ಕಿಲೋಮೀಟರ್ ದಾಟುತ್ತಿಲ್ಲ. ಎರಡು, ಕೆಲವು ವಿಮಾನಗಳ ಎನ್‌ಐಸಿ 8ರಿಂದ ಇದ್ದಕ್ಕಿದ್ದಂತೆ 6ಕ್ಕೋ 0ಗೋ ಇಳಿದು ಸ್ವಲ್ಪ ಹೊತ್ತಿನ ಮೇಲೆ ಸರಿಹೋಗುತ್ತದೆ. ಇದನ್ನು ಜ್ಯಾಮಿಂಗ್ ಎನ್ನಬಹುದೇ? ಗೈಡ್ 'ಎನ್‌ಐಸಿ 7ಕ್ಕಿಂತ ಕಡಿಮೆ ಅಂದ್ರೆ ಜ್ಯಾಮಿಂಗ್ ಅಂತ ಒಂದು ಥ್ರೆಶೋಲ್ಡ್ ಇಡಿ' ಎನ್ನುತ್ತಾರೆ. ಮೂರು, ಸ್ಪೂಫಿಂಗ್ ಆಗಿದ್ದರೆ ಇದೇ ಡೇಟಾದಲ್ಲಿ ಗೊತ್ತಾಗುತ್ತದೆಯೇ? ಜಿಪಿಎಸ್‌ಗೆ ತಿದ್ದುಪಡಿ ಬಿತ್ತರಿಸುವ ಭಾರತದ ಗಗನ್ ವ್ಯವಸ್ಥೆ ಇರುವ ಕಡೆ ಈ ತೊಂದರೆ ಕಡಿಮೆಯೇ?

ಆರ್‌ಎಫ್_ಕೆಂಗೇರಿ:

ಮೊದಲು ಕೇಬಲ್ ನೋಡಿ. 1090 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಒಂದು ಮೀಟರಿಗೆ ಅರ್ಧ ಡಿಬಿಗೂ ಹೆಚ್ಚು ತಿನ್ನುತ್ತದೆ. 15 ಮೀಟರ್ ಅಂದರೆ 8 ಡಿಬಿ ಹತ್ತಿರ ಕೇಬಲ್‌ನಲ್ಲೇ ಹೋಯಿತು. 8 ಡಿಬಿ ನಷ್ಟ ಅಂದರೆ ರೇಂಜ್ ಎರಡೂವರೆ ಪಟ್ಟು ಕುಗ್ಗುತ್ತದೆ. ನಿಮಗೆ 120 ಸಿಗುತ್ತಿದೆ, ಅಂದರೆ 300 ಸಿಗಬೇಕಿತ್ತು. ಲೆಕ್ಕ ಅಲ್ಲಿಗೇ ಸರಿಹೋಗುತ್ತದೆ. 35,000 ಅಡಿಯಲ್ಲಿ ಹಾರುವ ವಿಮಾನ ಅಡೆತಡೆ ಇಲ್ಲದಿದ್ದರೆ ಸುಮಾರು 425 ಕಿಲೋಮೀಟರ್‌ವರೆಗೆ ನೇರ ದೃಷ್ಟಿಯಲ್ಲಿ ಇರುತ್ತದೆ.

ದಪ್ಪ ಕೇಬಲ್‌ಗೆ ದುಡ್ಡು ಹಾಕುವ ಬದಲು ಪೈ ಮತ್ತು ಡಾಂಗಲ್ ಎರಡನ್ನೂ ತಾರಸಿಗೇ ಒಯ್ಯಿರಿ. ನೀರು ಹೋಗದ ಪ್ಲಾಸ್ಟಿಕ್ ಡಬ್ಬಿ, ಕೆಳಮುಖವಾಗಿ ಗ್ಲ್ಯಾಂಡ್, ನೆರಳಿನ ಕಡೆ ಗೋಡೆ. ಆಂಟೆನಾಗೂ ಡಾಂಗಲ್‌ಗೂ ನಡುವೆ ಒಂದು ಮೀಟರಿಗಿಂತ ಹೆಚ್ಚು ಕೇಬಲ್ ಬೇಡ. ಲ್ಯಾಬಿಗೆ ಈಥರ್‌ನೆಟ್ ಎಳೆಯಿರಿ, ಅದೇ ತಂತಿಯಲ್ಲಿ ಪಿಒಇ ಕೊಟ್ಟರೆ ಕರೆಂಟಿನ ಚಿಂತೆಯೂ ಇಲ್ಲ. ಆಂಟೆನಾದ ನಡುತಂತಿ 69 ಮಿಲಿಮೀಟರ್ ಇದೆಯೇ ನೋಡಿ, ಕೆಳಗಿನ ನಾಲ್ಕು ಕಡ್ಡಿಗಳೂ ಸುಮಾರು ಅಷ್ಟೇ ಉದ್ದ, 45 ಡಿಗ್ರಿ ಕೆಳಕ್ಕೆ ಬಾಗಿರಲಿ.

ಎರಡನೆಯದು ಗೇನ್. ನಗರದೊಳಗೆ ಗರಿಷ್ಠ ಗೇನ್ ಇಡುವುದೇ ತಪ್ಪು. ಪಕ್ಕದ ಕಟ್ಟಡದ ಮೊಬೈಲ್ ಟವರ್ 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಕಿರುಚುತ್ತಿರುತ್ತದೆ, ಟ್ಯೂನರ್ ಉಸಿರು ಕಟ್ಟಿ ದೂರದ ಸಣ್ಣ ಸಿಗ್ನಲ್‌ಗಳನ್ನು ಕಳೆದುಕೊಳ್ಳುತ್ತದೆ. ಗರಿಷ್ಠವಾದ 49.6 ಡಿಬಿಯಿಂದ ಒಂದೊಂದೇ ಮೆಟ್ಟಿಲು ಇಳಿಸಿ. ಪ್ರತಿ ಮೆಟ್ಟಿಲಲ್ಲೂ ಒಂದು ಗಂಟೆಯಾದರೂ ಬಿಡಿ, ಬೆಳಗ್ಗೆ ಒಂದು ಗೇನ್, ಸಂಜೆ ಇನ್ನೊಂದು ಇಟ್ಟು ಹೋಲಿಸಬೇಡಿ, ಸಂಚಾರವೇ ಬೇರೆ ಇರುತ್ತದೆ. ಮೈನಸ್ 3 ಡಿಬಿಎಫ್‌ಎಸ್‌ಗಿಂತ (ರಿಸೀವರ್ ತಾಳುವ ಗರಿಷ್ಠ ಮಟ್ಟವೇ 0) ಜೋರಾಗಿ ಬರುವ ಸಂದೇಶಗಳು ಒಟ್ಟಿನಲ್ಲಿ ನೂರಕ್ಕೆ ಐದನ್ನು ಮೀರದಂತೆ ನೋಡಿಕೊಳ್ಳಿ. ಎಲ್‌ಎನ್‌ಎ (ಸಣ್ಣ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಹಾಕುವುದಾದರೆ ಅದು ಆಂಟೆನಾ ತುದಿಯಲ್ಲೇ ಇರಬೇಕು. ಟವರ್ ತೀರಾ ಹತ್ತಿರವಿದ್ದರೆ ಅದಕ್ಕೂ ಮೊದಲು 1090 ಮಾತ್ರ ಒಳಬಿಡುವ ಸಾ (SAW) ಫಿಲ್ಟರ್. ಫಿಲ್ಟರ್ ಒಂದೆರಡು ಡಿಬಿ ತಿಂದರೂ ಅಲ್ಲಿ ಲಾಭವೇ ಹೆಚ್ಚು.

ಈಗ ನಿಮ್ಮ ಸಂಶೋಧನೆಗೆ ನಿಜವಾಗಿ ಪೆಟ್ಟು ಕೊಡುತ್ತಿರುವ ವಿಷಯ. 30003ರ ಸಾಲಿನಲ್ಲಿ ಎನ್‌ಐಸಿಯೂ ಇಲ್ಲ, ಎನ್‌ಎಸಿಪಿಯೂ (ಸ್ಥಾನದ ನಿಖರತೆಯ ಅಂಕಿ) ಇಲ್ಲ, ಮೂಲ ಸಂದೇಶವೂ ಇಲ್ಲ. ಜೇಸನ್ ಫೈಲ್ ಮ್ಯಾಪಿಗಾಗಿ ಮಾಡಿದ್ದು, ಬೇರೆಬೇರೆ ಹೊತ್ತಿಗೆ ಬಂದ ಮಾಹಿತಿಯನ್ನು ಒಟ್ಟುಹಾಕಿ ತೋರಿಸುತ್ತದೆ. 30005 ಪೋರ್ಟಿನ ಬೀಸ್ಟ್ ಬೈನರಿಯನ್ನೇ (ಕಚ್ಚಾ ಸಂದೇಶಗಳ ರೂಪ) ಸೇವ್ ಮಾಡಿ. 112 ಬಿಟ್‌ನ ಇಡೀ ಸಂದೇಶ, ಸಿಗ್ನಲ್ ಮಟ್ಟ, 12 ಮೆಗಾಹರ್ಟ್ಸ್ ಗಡಿಯಾರದ ಟೈಮ್‌ಸ್ಟ್ಯಾಂಪ್ ಮೂರೂ ಅದರಲ್ಲಿ ಇರುತ್ತವೆ. ಆಮೇಲೆ ಪೈಮೋಡ್‌ಎಸ್‌ನಂಥ ಲೈಬ್ರರಿಯಲ್ಲಿ ನೀವೇ ಬಿಡಿಸಿಕೊಳ್ಳಿ. ಬಿಟ್ ದೋಷ ತಿದ್ದುವ ಆಯ್ಕೆಯನ್ನು ಆಫ್ ಮಾಡಿ. ಮ್ಯಾಪ್ ನೋಡುವವರಿಗೆ ಅದು ಒಳ್ಳೆಯದು, ನಿಮಗಲ್ಲ. ಎರಡು ಬಿಟ್ ತಿದ್ದಲು ಬಿಟ್ಟರೆ ಇಲ್ಲದ ವಿಮಾನಗಳು ಹುಟ್ಟಿಕೊಳ್ಳುತ್ತವೆ.

ನೇವ್‌ಏಡ್ಸ್_09:

ಗೈಡ್ ಹೇಳಿದ ಒಂದೇ ಥ್ರೆಶೋಲ್ಡ್ ಸಾಲದು. ಯಾಕೆ ಎಂದು ಅವರಿಗೆ ತೋರಿಸಲು ಅನುಕೂಲವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಎನ್‌ಐಸಿ 8 ಎಂದರೆ 'ನಾನು ಹೇಳಿದ ಜಾಗದಿಂದ 0.1 ನಾಟಿಕಲ್ ಮೈಲಿಯ, ಅಂದರೆ 185 ಮೀಟರಿನ ವೃತ್ತದೊಳಗೆ ಖಂಡಿತ ಇದ್ದೇನೆ' ಎಂದು ವಿಮಾನ ಕೊಡುವ ಖಾತರಿ. 9 ಎಂದರೆ 75 ಮೀಟರ್, 7 ಎಂದರೆ 0.2 ನಾಟಿಕಲ್ ಮೈಲಿ, 0 ಎಂದರೆ ಖಾತರಿಯೇ ಇಲ್ಲ. ಅಮೆರಿಕದ ನಿಯಮದಲ್ಲಿ ಎನ್‌ಐಸಿ ಕನಿಷ್ಠ 7, ಎನ್‌ಎಸಿಪಿ ಕನಿಷ್ಠ 8 ಇರಬೇಕು, ನಿಮ್ಮ ಗೈಡ್ ಅಲ್ಲಿಂದಲೇ 7ನ್ನು ತೆಗೆದುಕೊಂಡಿರಬೇಕು. ಆ ಅಂಕಿ ವಾಯುಸಂಚಾರ ನಿಯಂತ್ರಣಕ್ಕೆ ಈ ಸ್ಥಾನ ಸಾಕೇ ಎಂದು ಹೇಳುತ್ತದೆ. ಸ್ಥಾನ ಯಾಕೆ ಕೆಟ್ಟಿತು ಎಂದು ಹೇಳುವುದಿಲ್ಲ.

ಕೆಡಲು ಕಾರಣಗಳು ಹಲವು. ಹಳೆಯ ಆವೃತ್ತಿ 0 ಟ್ರಾನ್ಸ್‌ಪಾಂಡರ್‌ಗಳು (ವಿಮಾನದಿಂದ ಸಂದೇಶ ಬಿತ್ತರಿಸುವ ಉಪಕರಣಗಳು) ಎನ್‌ಐಸಿಯನ್ನೇ ಕಳಿಸುವುದಿಲ್ಲ, ಅವು ಕಳಿಸುವ ಹಳೆಯ ಅಂಕಿಯಾದ ಎನ್‌ಯುಸಿಪಿಯನ್ನು ಎನ್‌ಐಸಿ ಎಂದು ಓದಿದರೆ ಗೊಂದಲ. ಟೈಪ್ ಕೋಡ್ (ಸಂದೇಶದ ಬಗೆ ಹೇಳುವ ಸಂಖ್ಯೆ) 31ರ ಸಂದೇಶದಲ್ಲಿ ಆವೃತ್ತಿ ಇರುತ್ತದೆ, ಮೊದಲು ಅದರ ಪ್ರಕಾರ ವಿಂಗಡಿಸಿ. ನಾಗರಿಕ ಜಿಪಿಎಸ್ ಅನ್ನು ಬೇಕೆಂದೇ ಕೆಡಿಸುತ್ತಿದ್ದ ಸೆಲೆಕ್ಟಿವ್ ಅವೈಲಬಿಲಿಟಿಯನ್ನು ಅಮೆರಿಕ 2000ದ ಮೇ ತಿಂಗಳಲ್ಲೇ ನಿಲ್ಲಿಸಿದರೂ, ಅದು ಇನ್ನೂ ಇದೆ ಎಂದುಕೊಂಡೇ ಲೆಕ್ಕ ಹಾಕುವ ಹಳೆಯ ಜಿಪಿಎಸ್ ರಿಸೀವರ್‌ಗಳು ಹಾರುತ್ತಿವೆ. ಉಪಗ್ರಹಗಳ ಹರವು ಸ್ವಲ್ಪ ಕೆಟ್ಟರೂ ಅವುಗಳ ಎನ್‌ಐಸಿ ಕುಸಿಯುತ್ತದೆ. ಒಂದೇ ವಿಮಾನ ಎಲ್ಲಿ ಹೋದರೂ ಕಡಿಮೆ ತೋರಿಸಿದರೆ ಅದು ಆ ವಿಮಾನದ ರೋಗ, ಆಂಟೆನಾವೋ ಕೇಬಲೋ ಹಾಳಾಗಿರಬಹುದು.

ಡಿಕೋಡರ್‌ನಿಂದಲೂ ಸುಳ್ಳು ಏರಿಳಿತ ಬರುತ್ತದೆ. ಎನ್‌ಐಸಿ ಒಂದೇ ಸಂದೇಶದಲ್ಲಿ ಇಡಿಯಾಗಿ ಬರುವುದಿಲ್ಲ. ಸ್ಥಾನ ಸಂದೇಶದ ಟೈಪ್ ಕೋಡ್, ಅದರೊಳಗಿನ ಬಿ ಪೂರಕ ಬಿಟ್, ಟೈಪ್ ಕೋಡ್ 31ರಲ್ಲಿ ಬರುವ ಎ ಪೂರಕ ಬಿಟ್ ಮೂರನ್ನೂ ಸೇರಿಸಬೇಕು. ಉದಾಹರಣೆಗೆ ಟೈಪ್ ಕೋಡ್ 11 ಬಂದು ಎ, ಬಿ ಎರಡೂ 1 ಆಗಿದ್ದರೆ 9, ಇಲ್ಲದಿದ್ದರೆ 8. ಸ್ಥಾನ ಸೆಕೆಂಡಿಗೆ ಸುಮಾರು ಎರಡು ಸಲ ಬಂದರೆ ಟೈಪ್ ಕೋಡ್ 31 ಎರಡೂವರೆ ಸೆಕೆಂಡಿಗೆ ಒಮ್ಮೆ. ರೇಂಜಿನ ಅಂಚಿನಲ್ಲಿ ಅದು ತಪ್ಪಿಹೋದರೆ 9 ಮತ್ತು 8ರ ನಡುವೆ ಓಲಾಡುವುದು ನಿಮ್ಮ ಕೋಡಿನ ಆಟ, ಆಕಾಶದ್ದಲ್ಲ. ಆದರೆ 8ರಿಂದ ನೇರ 0ಗೆ ಬಿದ್ದರೆ ಅದು ವಿಮಾನದಿಂದಲೇ ಬಂದದ್ದು.

ದಕ್ಷಿಣ ಭಾರತದಲ್ಲಿ ಕೂತು ಈ ಕೆಲಸ ಮಾಡುವವರು ಮರೆಯಬಾರದ ಇನ್ನೊಂದು ಕಾರಣ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರ. ಕಾಂತೀಯ ಸಮಭಾಜಕ ನಮ್ಮ ಉಪಖಂಡದ ದಕ್ಷಿಣ ತುದಿಯ ಬಳಿ ಹಾಯುತ್ತದೆ. ಸೂರ್ಯಾಸ್ತದ ನಂತರ ಮಧ್ಯರಾತ್ರಿಯ ಆಸುಪಾಸಿನವರೆಗೆ, ಮುಖ್ಯವಾಗಿ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಜಿಪಿಎಸ್ ಸಿಗ್ನಲ್ ಮಿನುಗಲು ಶುರುಮಾಡುತ್ತದೆ. ಒಂದೆರಡು ಉಪಗ್ರಹಗಳ ಹಿಡಿತ ತಪ್ಪಿದರೆ ಎನ್‌ಐಸಿ ಇಳಿಯುತ್ತದೆ, ಅದೂ ಅಕ್ಕಪಕ್ಕದ ಹಲವು ವಿಮಾನಗಳಲ್ಲಿ ಒಟ್ಟಿಗೇ. ನೋಡಲು ಥೇಟ್ ಜ್ಯಾಮಿಂಗ್. ವ್ಯತ್ಯಾಸ ಗುರುತಿಸುವ ದಾರಿ ಎತ್ತರ. ನೆಲದ ಮೇಲಿನ ಜ್ಯಾಮರ್ ಭೂಮಿಯ ವಕ್ರತೆಯ ಆಚೆ ಕಾಣುವುದಿಲ್ಲ, ಹಾಗಾಗಿ ಎತ್ತರದ ವಿಮಾನಗಳಿಗೆ ದೂರದಿಂದಲೇ ತಟ್ಟುತ್ತದೆ, ಕೆಳಗಿರುವುದಕ್ಕೆ ಹತ್ತಿರ ಹೋದಾಗ ಮಾತ್ರ. ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಆ ದೂರ ಸಿಗುತ್ತದೆ. 3,000 ಮೀಟರಿಗೆ ಸುಮಾರು 225. ಅಯಾನುಗೋಳದ ತೊಂದರೆ 300 ಕಿಲೋಮೀಟರಿಗೂ ಮೇಲಿನದು, ಅದಕ್ಕೆ 3,000 ಮೀಟರೂ ಒಂದೇ, 11,000 ಮೀಟರೂ ಒಂದೇ. ಕಾಲೇಜಿನಲ್ಲೇ ಒಂದು ನಿಶ್ಚಲ ಜಿಪಿಎಸ್ ರಿಸೀವರ್ ಇಟ್ಟು ಪ್ರತಿ ಉಪಗ್ರಹದ ಸಿಗ್ನಲ್-ಶಬ್ದ ಅನುಪಾತವನ್ನು ದಾಖಲಿಸಿ. ಮಿನುಗು ಇದ್ದರೆ ಅದೇ ಹೊತ್ತಿಗೆ ಕೆಲವು ದಿಕ್ಕಿನ ಉಪಗ್ರಹಗಳು ಮಾತ್ರ ಕುಣಿಯುವುದು ಕಾಣುತ್ತದೆ. ಜ್ಯಾಮಿಂಗ್ ಹತ್ತಿರದಲ್ಲೇ ಇದ್ದರೆ ಎಲ್ಲವೂ ಒಟ್ಟಿಗೆ ಕುಸಿಯುತ್ತವೆ.

ಗಗನ್ ಬಗ್ಗೆ ಕೇಳಿದ್ದೀರಿ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ್ದು, ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ. 2013ರ ಡಿಸೆಂಬರ್‌ನಲ್ಲಿ ಮಾರ್ಗ ಹಾರಾಟಕ್ಕೆ, 2015ರ ಏಪ್ರಿಲ್‌ನಲ್ಲಿ ಲಂಬ ಮಾರ್ಗದರ್ಶನದ ಅಪ್ರೋಚ್‌ಗೆ ಪ್ರಮಾಣೀಕರಣ ಪಡೆಯಿತು. ನಮ್ಮ ಅಯಾನುಗೋಳಕ್ಕೆಂದೇ ಇಸ್ರೋ ಬೇರೆ ಮಾದರಿಯನ್ನೇ ರೂಪಿಸಬೇಕಾಯಿತು, ಅದು ದೊಡ್ಡ ಕೆಲಸ. ಆದರೆ ಗಗನ್ ತಿದ್ದುಪಡಿಗಳು ಬರುವುದೂ ಅದೇ 1575.42 ಮೆಗಾಹರ್ಟ್ಸ್‌ನಲ್ಲಿ. ಜ್ಯಾಮರ್ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ಅಡ್ಡಿಯಿಂದ ಕಾಪಾಡುವುದು ಗಗನ್‌ನ ಉದ್ದೇಶವೇ ಅಲ್ಲ.

ಹಾಗಾದರೆ ಏನು ಮಾಡಬೇಕು? ಪ್ರತಿ ವಿಮಾನಕ್ಕೂ ಅದರ 24 ಬಿಟ್ ವಿಳಾಸದ ಮೇಲೆ ಮಾಮೂಲಿ ಎನ್‌ಐಸಿ ಎಷ್ಟು ಎಂದು ಮೊದಲು ಕಟ್ಟಿಕೊಳ್ಳಿ. ಕುಸಿತ ಎಂದರೆ ಆ ಮಾಮೂಲಿಯಿಂದ ಕುಸಿತ. ಆಮೇಲೆ ಜಾಗ, ಹೊತ್ತು, ಎತ್ತರ ಮೂರರಲ್ಲೂ ಭಾಗ ಮಾಡಿ. 50 ಕಿಲೋಮೀಟರ್ ಚೌಕ, 15 ನಿಮಿಷದಿಂದ ಶುರುಮಾಡಬಹುದು. ಒಂದು ಕೋಶದಲ್ಲಿ ಬೇರೆಬೇರೆ ಮಾದರಿಯ ಮೂರು ವಿಮಾನಗಳಾದರೂ ಒಟ್ಟಿಗೆ ಬೀಳುವವರೆಗೆ ನಾನಾಗಿದ್ದರೆ ಬಾಯಿ ಬಿಡುವುದಿಲ್ಲ. ಜಿಪಿಎಸ್‌ಜ್ಯಾಮ್ ನಕ್ಷೆಯವರು ಕೆಟ್ಟ ವಿಮಾನಗಳ ಎಣಿಕೆಯಿಂದ ಒಂದನ್ನು ಕಳೆದೇ ಶೇಕಡಾವಾರು ಹಾಕುವುದೂ ಇದೇ ಕಾರಣಕ್ಕೆ: ಒಂಟಿ ವಿಮಾನದ ದೋಷಕ್ಕೆ ನಕ್ಷೆ ಕೆಂಪಾಗಬಾರದು.

ಇನ್ನೊಂದು. ಜ್ಯಾಮಿಂಗ್ ಪೂರ್ತಿಯಾದರೆ ಕೆಲವು ವಿಮಾನಗಳು ಸ್ಥಾನ ಸಂದೇಶವನ್ನೇ ನಿಲ್ಲಿಸುತ್ತವೆ, ಅಥವಾ ಎತ್ತರ ಮಾತ್ರ ಇರುವ ಟೈಪ್ ಕೋಡ್ 0 ಕಳಿಸುತ್ತವೆ. ನೀವು ಅಕ್ಷಾಂಶ ಇರುವ ಸಾಲುಗಳನ್ನಷ್ಟೇ ಎಣಿಸಿದರೆ ಅತಿ ಹೆಚ್ಚು ಏಟು ತಿಂದ ವಿಮಾನಗಳೇ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಡಿಎಫ್ 11, ಡಿಎಫ್ 4 (ವಿಳಾಸ, ಎತ್ತರ ಹೇಳುವ, ಸ್ಥಾನವಿಲ್ಲದ ಸಂದೇಶಗಳು) ಬರುತ್ತಲೇ ಇದ್ದು ಸ್ಥಾನ ಮಾತ್ರ ನಿಂತ ವಿಮಾನಗಳನ್ನು ಬೇರೆಯಾಗಿ ಎಣಿಸಿ.

ಮೋಡ್‌ಎಸ್_ಮೈಸೂರು:

ಮೇಲಿನ ಉತ್ತರ ಜ್ಯಾಮಿಂಗ್‌ಗೆ. ಸ್ಪೂಫಿಂಗ್‌ನಲ್ಲಿ ಕಥೆ ತಿರುಗುಮುರುಗು. ರಿಸೀವರ್‌ಗೆ ನಕಲಿ ಉಪಗ್ರಹಗಳು ಜೋರಾಗಿ, ಒಪ್ಪವಾಗಿ ಕೇಳಿಸುತ್ತವೆ. ಅದು ನಂಬಿಬಿಡುತ್ತದೆ, ಎನ್‌ಐಸಿ 8 ಅಥವಾ 9 ಎಂದೇ ಬಿತ್ತರಿಸುತ್ತದೆ. ಎನ್‌ಐಸಿಯನ್ನು ಮಾತ್ರ ನೋಡುವ ಪ್ರಾಜೆಕ್ಟ್ ಹೆಚ್ಚು ಅಪಾಯಕಾರಿಯಾದದ್ದನ್ನೇ ಕಾಣದೆ ಬಿಡುತ್ತದೆ.

ಡಿಕೋಡ್ ಮಾಡುವಾಗಲೇ ಅದು ಅಳಿಸಿಹೋಗುವ ಸಾಧ್ಯತೆಯೂ ಇದೆ. ಸ್ಥಾನವನ್ನು ಅಡಕಗೊಳಿಸಿ ಕಳಿಸುವ ಸಿಪಿಆರ್ ಪದ್ಧತಿಯಲ್ಲಿ ಅಕ್ಷಾಂಶ, ರೇಖಾಂಶಕ್ಕೆ ತಲಾ 17 ಬಿಟ್ ಮಾತ್ರ. ಸಮ ಮತ್ತು ಬೆಸ ಸಂದೇಶ ಎರಡೂ ಹತ್ತು ಸೆಕೆಂಡಿನೊಳಗೆ ಸಿಕ್ಕರೆ ಜಗತ್ತಿನಲ್ಲಿ ಎಲ್ಲಿ ಎಂದು ಗೊತ್ತಾಗುತ್ತದೆ. ಒಂದೇ ಸಂದೇಶದಿಂದ ಬಿಡಿಸಬೇಕಾದರೆ ಗೊತ್ತಿರುವ ಜಾಗವೊಂದನ್ನು ಆಧಾರವಾಗಿ ಕೊಡಬೇಕು, ಅದು ವಿಮಾನದಿಂದ 180 ನಾಟಿಕಲ್ ಮೈಲಿಯೊಳಗೆ ಇರಬೇಕು. ನೀವು ತಾರಸಿಯ ಜಾಗವನ್ನೇ ಆಧಾರ ಕೊಟ್ಟಿರಿ ಅಂದುಕೊಳ್ಳಿ. ಸ್ಪೂಫ್ ಆದ ವಿಮಾನ ಸಾವಿರ ಕಿಲೋಮೀಟರ್ ಆಚೆಯ ಜಾಗ ಹೇಳಿದರೂ ನಿಮ್ಮ ಕೋಡ್ ಅದನ್ನು ಕರ್ನಾಟಕದ ಸುತ್ತಮುತ್ತಲೇ ಎಲ್ಲೋ ತಂದು ಕೂರಿಸುತ್ತದೆ. ಆದ್ದರಿಂದ ಜೋಡಿ ಸಂದೇಶದ ಡಿಕೋಡಿಂಗ್ ಮಾತ್ರ ಬಳಸಿ. ಡಂಪ್1090, ರೀಡ್‌ಎಸ್‌ಬಿ ಎರಡರಲ್ಲೂ 300 ನಾಟಿಕಲ್ ಮೈಲಿ ಮೀರಿದ್ದನ್ನೂ ಅಸಾಧ್ಯ ವೇಗದಲ್ಲಿ ಜಿಗಿದದ್ದನ್ನೂ ಎಸೆಯುವ ಸೋಸುವಿಕೆ ಇದೆ. ನೀವು ಹುಡುಕುತ್ತಿರುವುದೇ ಆ ಜಿಗಿತ. ಬೀಸ್ಟ್ ಕಚ್ಚಾ ಸಂದೇಶ ಇಟ್ಟುಕೊಳ್ಳಿ ಎಂದು ಮೇಲೆ ಹೇಳಿದ್ದಕ್ಕೆ ಇದು ಇನ್ನೂ ದೊಡ್ಡ ಕಾರಣ.

ಪತ್ತೆಗೆ ಜಿಪಿಎಸ್ ಅಲ್ಲದ ಸಾಕ್ಷಿ ಬೇಕು. ಅತಿ ಸುಲಭವಾದದ್ದು ರೇಡಿಯೋ ದಿಗಂತ: 700 ಕಿಲೋಮೀಟರ್ ದೂರದಲ್ಲಿದ್ದೇನೆ ಎನ್ನುವ ವಿಮಾನದ ಸಿಗ್ನಲ್ ನಿಮ್ಮ ಕಾಲು ತರಂಗದ ಆಂಟೆನಾಗೆ ಜೋರಾಗಿ ಕೇಳುತ್ತಿದ್ದರೆ ಆ ಮಾತು ಸುಳ್ಳು. ಎರಡನೆಯದು ಟೈಪ್ ಕೋಡ್ 19ರ ವೇಗ ಸಂದೇಶದ ಕೊನೆಯಲ್ಲಿರುವ ಏಳು ಬಿಟ್, ಜಿಪಿಎಸ್ ಎತ್ತರಕ್ಕೂ ವಾಯುಭಾರ ಎತ್ತರಕ್ಕೂ ಇರುವ ವ್ಯತ್ಯಾಸ, 25 ಅಡಿಯ ಹಂತದಲ್ಲಿ. ಇದಕ್ಕೆ ಒಂದು ಸ್ಥಿರ ಮಿತಿ ಇಡಬೇಡಿ. ಮಾನಕ ವಾತಾವರಣಕ್ಕಿಂತ 15 ಡಿಗ್ರಿ ಬೆಚ್ಚಗಿದ್ದರೆ 35,000 ಅಡಿಯಲ್ಲಿ 2,000 ಅಡಿಯ ವ್ಯತ್ಯಾಸ ಸಹಜ. ಜೊತೆಗೆ ನಮ್ಮ ಭಾಗದಲ್ಲಿ ಜಿಯಾಯ್ಡ್ (ಸಮುದ್ರಮಟ್ಟದ ಮೇಲ್ಮೈ) ಎಲಿಪ್ಸಾಯ್ಡ್‌ಗಿಂತ (ಜಿಪಿಎಸ್ ಬಳಸುವ ಗಣಿತದ ಭೂರೂಪ) 80 ಮೀಟರಿಗೂ ಹೆಚ್ಚು ಕೆಳಗಿದೆ, ಎಲಿಪ್ಸಾಯ್ಡ್ ಎತ್ತರ ಕಳಿಸುವ ವಿಮಾನದಲ್ಲಿ ಸುಮಾರು 280 ಅಡಿ ಅದರಿಂದಲೇ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಅದೇ ಮಟ್ಟದಲ್ಲಿ ಹಾರುವ ಅಕ್ಕಪಕ್ಕದ ವಿಮಾನಗಳ ವ್ಯತ್ಯಾಸ ನೋಡಿ, ಅದರಿಂದ ಎಷ್ಟು ದೂರ ಎಂದು ಅಳೆಯಿರಿ.

ಮೂರನೆಯದು ಗಾಳಿ. ಮೋಡ್ ಎಸ್ ರೇಡಾರ್ ಕೇಳಿದಾಗ ವಿಮಾನ ಕೊಡುವ ಬಿಡಿಎಸ್ 5,0 ಮತ್ತು 6,0 (ವಿಮಾನದ ಮಾಹಿತಿ ರಿಜಿಸ್ಟರ್‌ಗಳು) ಉತ್ತರಗಳಲ್ಲಿ ನಿಜ ವಾಯುವೇಗ, ಮೂತಿಯ ದಿಕ್ಕು, ಮ್ಯಾಕ್ ಸಂಖ್ಯೆ ಇರುತ್ತವೆ. ಇವು ಜಿಪಿಎಸ್‌ನಿಂದ ಬಂದವಲ್ಲ. ಎಡಿಎಸ್-ಬಿ ನೆಲವೇಗದಿಂದ ಇವನ್ನು ವೆಕ್ಟರ್ ರೀತಿಯಲ್ಲಿ ಕಳೆದರೆ ಗಾಳಿ ಸಿಗುತ್ತದೆ. ದಿಕ್ಕು ಕಾಂತೀಯ ಉತ್ತರಕ್ಕೆ ಇರುವುದರಿಂದ ದಿಕ್ಪಾತ (ಕಾಂತೀಯ ಮತ್ತು ನಿಜ ಉತ್ತರಗಳ ವ್ಯತ್ಯಾಸ) ತಿದ್ದಲು ಮರೆಯಬೇಡಿ. ಪಕ್ಕದ ವಿಮಾನ 40 ನಾಟ್ ಪಶ್ಚಿಮದ ಗಾಳಿ ಎನ್ನುವಾಗ ಇದೊಂದು 300 ನಾಟ್ ಎಂದರೆ ನೆಲವೇಗವೇ ನಕಲಿ. ತೊಡಕು ಏನೆಂದರೆ ಉತ್ತರದಲ್ಲಿ 'ಇದು 5,0' ಎಂದು ಬರೆದಿರುವುದಿಲ್ಲ, ಬಿಟ್‌ಗಳ ವಿನ್ಯಾಸ ನೋಡಿ ಊಹಿಸಬೇಕು, ತಪ್ಪು ಊಹೆ ಆಗುತ್ತಲೇ ಇರುತ್ತದೆ. ಎರಡು ರಿಜಿಸ್ಟರ್‌ಗಳೂ ಕೆಲವು ಸೆಕೆಂಡುಗಳ ಅಂತರದಲ್ಲಿ ಪರಸ್ಪರ ಹೊಂದಿದರೆ ಮಾತ್ರ ನಂಬಿ.

ಮಲ್ಟಿಲ್ಯಾಟರೇಶನ್ (ಸಂದೇಶ ಬೇರೆಬೇರೆ ರಿಸೀವರ್‌ಗಳಿಗೆ ತಲುಪಿದ ಸಮಯದ ವ್ಯತ್ಯಾಸದಿಂದ ಸ್ಥಾನ ಲೆಕ್ಕಹಾಕುವುದು) ಎಲ್ಲಕ್ಕಿಂತ ಗಟ್ಟಿ ಸಾಕ್ಷಿ, ಆದರೆ ನಾಲ್ಕು ರಿಸೀವರ್ ಬೇಕು, ವಾಯುಭಾರ ಎತ್ತರವನ್ನು ನಂಬಿದರೆ ಮೂರು. ಅಗ್ಗದ ಡಾಂಗಲ್‌ಗಳ ಗಡಿಯಾರವನ್ನು ಸಾಮಾನ್ಯವಾಗಿ ಹೊಂದಿಸುವುದು ಇತರ ವಿಮಾನಗಳ ಎಡಿಎಸ್-ಬಿ ಸ್ಥಾನಗಳಿಂದಲೇ. ಅವೇ ಸ್ಪೂಫ್ ಆಗಿದ್ದರೆ ಗಡಿಯಾರವೂ ಕೆಡುತ್ತದೆ. ಸಂಶಯಿತ ಪ್ರದೇಶದಿಂದ ದೂರದ ವಿಮಾನಗಳನ್ನು ಮಾತ್ರ ಅದಕ್ಕೆ ಬಳಸಿ.

ಎಂಟನೇ_ಸೆಮಿಸ್ಟರ್:

ತುಂಬಾ ಧನ್ಯವಾದ ಸರ್. ಪೈಯನ್ನು ತಾರಸಿಗೆ ಹಾಕಿ ಬೀಸ್ಟ್ ಲಾಗ್ ಶುರುಮಾಡುತ್ತೇವೆ. ಇನ್ನೊಂದು ಪ್ರಶ್ನೆ: ಬೆಂಗಳೂರಿನಲ್ಲಿ ನಿಜವಾದ ಘಟನೆ ಸಿಗದಿದ್ದರೆ ಪರೀಕ್ಷಿಸುವುದು ಹೇಗೆ? ಲ್ಯಾಬಿನಲ್ಲಿ ಟ್ರಾನ್ಸ್‌ಮಿಟ್ ಮಾಡುವ ಎಸ್‌ಡಿಆರ್ ಒಂದಿದೆ. ಕಡಿಮೆ ಪವರ್‌ನಲ್ಲಿ ಒಂದು ಮೊಬೈಲನ್ನಷ್ಟೇ ಸ್ಪೂಫ್ ಮಾಡಿ ನೋಡಬಹುದೇ?

ನೇವ್‌ಏಡ್ಸ್_09:

ಬೇಡ. ಗಾಳಿಗೆ ಒಂದು ಮಿಲಿವ್ಯಾಟೂ ಬಿಡಬೇಡಿ. ಕಾನೂನಿನ ಮಾತು ಆಮೇಲೆ, ಮೊದಲು ಲೆಕ್ಕ ನೋಡಿ. ಜಿಪಿಎಸ್ ಸಿಗ್ನಲ್ ನೆಲ ತಲುಪುವಾಗ ಸುಮಾರು ಮೈನಸ್ 128 ಡಿಬಿಎಂ. 10 ಮಿಲಿವ್ಯಾಟ್ ಎಂದರೆ ಪ್ಲಸ್ 10 ಡಿಬಿಎಂ. ಈ ಆವರ್ತನದಲ್ಲಿ ಒಂದು ಕಿಲೋಮೀಟರಿಗೆ ನಷ್ಟ 96 ಡಿಬಿ, ಅಂದರೆ ಅಲ್ಲಿ ಇನ್ನೂ ಮೈನಸ್ 86, ಅಸಲಿ ಸಿಗ್ನಲ್‌ಗಿಂತ 42 ಡಿಬಿ ಜೋರು. ಹತ್ತು ಕಿಲೋಮೀಟರ್ ಆಚೆಯೂ 22 ಡಿಬಿ ಜೋರು. ತಾರಸಿಯ ಮೇಲೆ ಅಪ್ರೋಚ್‌ನಲ್ಲಿರುವ ವಿಮಾನ ಹಾಯುವ ಊರು ಇದು. ಸ್ಪೂಫ್ ಆದ ವಿಮಾನದಲ್ಲಿ ನಕ್ಷೆ ಸರಿಯುವುದಷ್ಟೇ ಅಲ್ಲ, ಗಡಿಯಾರ ಕೆಡುತ್ತದೆ, ನೆಲ ಸಮೀಪದ ಎಚ್ಚರಿಕೆ ವ್ಯವಸ್ಥೆ ಇಲ್ಲದ ಗುಡ್ಡಕ್ಕೆ 'ಪುಲ್ ಅಪ್' ಎಂದು ಕೂಗುತ್ತದೆ.

ಬೆಂಚಿನ ಮೇಲೆ ಮಾಡಲೇಬೇಕಾದರೆ ಪೂರ್ತಿ ಕೇಬಲ್‌ನಲ್ಲೇ, ರಿಸೀವರ್ ಲೋಹದ ಪೆಟ್ಟಿಗೆಯೊಳಗೆ, ಆರ್‌ಎಫ್ ಗೊತ್ತಿರುವ ಅಧ್ಯಾಪಕರ ಎದುರಿಗೆ, ಇಲಾಖೆಯ ಲಿಖಿತ ಅನುಮತಿ ಇದ್ದರೆ ಮಾತ್ರ. ಮೊಬೈಲ್ ಇದಕ್ಕೆ ಆಗುವುದಿಲ್ಲ, ಹೊರ ಆಂಟೆನಾ ಕನೆಕ್ಟರ್ ಇರುವ ಜಿಪಿಎಸ್ ಮಾಡ್ಯೂಲ್ ಬೇಕು. ಮೈನಸ್ 10 ಡಿಬಿಎಂ ಔಟ್‌ಪುಟ್ಟಿಗೆ ಸುಮಾರು 90 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ಕುಗ್ಗಿಸುವ ಭಾಗ) ಸರಣಿ, ನಡುವೆ ಡಿಸಿ ಬ್ಲಾಕ್. ಜಿಪಿಎಸ್ ಮಾಡ್ಯೂಲ್ ಆಂಟೆನಾ ತುದಿಗೆ 3ರಿಂದ 5 ವೋಲ್ಟ್ ಕೊಡುತ್ತಿರುತ್ತದೆ, ಬ್ಲಾಕ್ ಇಲ್ಲದಿದ್ದರೆ ಎಸ್‌ಡಿಆರ್ ಔಟ್‌ಪುಟ್ ಸುಟ್ಟುಹೋಗಬಹುದು.

ಆದರೆ ನಿಮ್ಮ ಪ್ರಾಜೆಕ್ಟ್‌ಗೆ ಅದರ ಅಗತ್ಯವೇ ಇಲ್ಲ. ನೀವು ಸೇವ್ ಮಾಡಿದ ನಿಜ ಹಾರಾಟಗಳನ್ನೇ ತೆಗೆದುಕೊಂಡು, ಒಂದು ಕ್ಷಣದಿಂದ ಸ್ಥಾನವನ್ನು ನಿಧಾನವಾಗಿ ಸರಿಸಿ, ಸಿಪಿಆರ್ ಮತ್ತೆ ಹಾಕಿ, ಕೊನೆಯ 24 ಬಿಟ್ ಪ್ಯಾರಿಟಿ ಹೊಸದಾಗಿ ಲೆಕ್ಕಹಾಕಿ ನಿಮ್ಮ ಡಿಟೆಕ್ಟರ್‌ಗೆ ಉಣಿಸಿ. ಸೆಕೆಂಡಿಗೆ 5 ಮೀಟರ್ ಸರಿಸಿದರೆ ಎಷ್ಟು ಹೊತ್ತಿಗೆ ಹಿಡಿಯುತ್ತದೆ, 50 ಮೀಟರ್ ಆದರೆ ಎಷ್ಟು ಎಂದು ಗ್ರಾಫ್ ಮಾಡಿ.

ನಿಜ ಘಟನೆಗಳಿಗೆ ಎಡಿಎಸ್-ಬಿ ಡೇಟಾ ಸಂಗ್ರಹಿಸುವ ಓಪನ್‌ಸ್ಕೈ ನೆಟ್‌ವರ್ಕ್‌ಗೆ ಅರ್ಜಿ ಹಾಕಿ, ಶೈಕ್ಷಣಿಕ ಸಂಶೋಧನೆಗೆ ಹಳೆಯ ಡೇಟಾ ಕೊಡುತ್ತಾರೆ. ಸ್ಟೇಟ್ ವೆಕ್ಟರ್ ಕೋಷ್ಟಕ (ಬಿಡಿಸಿಟ್ಟ ಸ್ಥಾನ, ವೇಗ) ಸಾಲದು, ಕಚ್ಚಾ ಸಂದೇಶಗಳನ್ನೇ ಕೇಳಿ. ಎಲ್ಲಿ, ಯಾವಾಗ ಎಂಬುದಕ್ಕೆ ಸಂಸತ್ತಿನ ಉತ್ತರಗಳು ಒಳ್ಳೆಯ ಆಧಾರ: 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಭಾಗದಲ್ಲಿ, 465 ಘಟನೆಗಳು ವರದಿಯಾಗಿವೆ ಎಂದು ಸರ್ಕಾರ ಹೇಳಿದೆ. 2025ರ ನವೆಂಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದ ಬಳಿ ಜಿಪಿಎಸ್ ಅಪ್ರೋಚ್‌ನಲ್ಲಿದ್ದ ವಿಮಾನಗಳಿಗೆ ಸ್ಪೂಫಿಂಗ್ ತಟ್ಟಿತು, ಆಮೇಲೆ ಇಂಥವನ್ನು 10 ನಿಮಿಷದೊಳಗೆ ವರದಿ ಮಾಡಬೇಕೆಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ಸೂಚಿಸಿತು. ದೆಹಲಿ ಘಟನೆಯ ವಾರವನ್ನೂ ಅದಕ್ಕೆ ಮುಂಚಿನ ಒಂದು ಶಾಂತ ವಾರವನ್ನೂ ತೆಗೆದುಕೊಳ್ಳಿ. ಶಾಂತ ವಾರದಲ್ಲಿ ನಿಮ್ಮ ಡಿಟೆಕ್ಟರ್ ಸಾವಿರ ಹಾರಾಟ ಗಂಟೆಗೆ ಎಷ್ಟು ಸಲ ಸುಮ್ಮಸುಮ್ಮನೆ ಕೂಗಿತು ಎಂಬ ಅಂಕಿಯನ್ನು ವರದಿಯ ಮೊದಲ ಕೋಷ್ಟಕದಲ್ಲೇ ಹಾಕಿ. ಗೈಡ್ ಕೇಳುವ ಥ್ರೆಶೋಲ್ಡ್ ಎಷ್ಟಿರಬೇಕು ಎಂಬುದು ಆ ಅಂಕಿಯಿಂದಲೇ ನಿರ್ಧಾರವಾಗುತ್ತದೆ.